ಎ.ಸಿ. ವೆಂಟ್ ಬಿಚ್ಚುವಾಗ ಲಾಕ್ ಮುರಿಯುವುದೇಕೆ?

ರಜೆಯಲ್ಲಿ ಗ್ಯಾರೇಜ್ ಕೆಲಸಕ್ಕೆ ಹೋಗುವವರು ನಿಮ್ಮಲ್ಲಿದ್ದೀರಿ. ಮನೆಯ ಕಾರನ್ನು ತಾವೇ ಬಿಚ್ಚಿ ನೋಡುವ ಉತ್ಸಾಹಿಗಳೂ ಇದ್ದೀರಿ. ಇಂಜಿನ್ ಆಯಿಲ್ ಬದಲಿಸುವಾಗ ಕೆಡದ ಕೈ, ಡ್ಯಾಶ್‌ಬೋರ್ಡಿನಿಂದ ಗಾಳಿ ಬರುವ ಆ ಸಣ್ಣ ಪ್ಲಾಸ್ಟಿಕ್ ವೆಂಟ್ ತೆಗೆಯುವಾಗ ಕೆಡುತ್ತದೆ. ‘ಟಕ್’ ಎಂಬ ಶಬ್ದ ಕೇಳಿದ ಮೇಲೆ ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಇದಕ್ಕೆ ಕಾರಣ ಪ್ರಥಮ ಪಿಯುಸಿಯ ಭೌತಶಾಸ್ತ್ರ ಪುಸ್ತಕದಲ್ಲೇ ಇದೆ.

ಮೊದಲು, ಬಿಚ್ಚುವ ಅಗತ್ಯ ಇದೆಯೇ ಎಂದು ನೋಡಿ. ಮಂಡೆಕೋಲಿನಿಂದ ಅಜ್ಜಾವರ ದಾಟಿ ಸುಳ್ಯ ಪೇಟೆಗೆ ಓಡಾಡುವ ಕಾರಿನೊಳಗೆ ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ತೇವ. ಧೂಳಿಗೆ ಮೃದುವಾದ ಪೈಂಟ್ ಬ್ರಷ್ ಸಾಕು. ಎ.ಸಿ. ಹಾಕಿದ ಕೂಡಲೇ ಮುಗ್ಗಲು ವಾಸನೆ ಬಂದರೆ ತಪ್ಪು ವೆಂಟಿನದ್ದಲ್ಲ. ಒಳಗಿನ ಕೂಲಿಂಗ್ ಕಾಯಿಲ್, ಅದರ ನೀರು ಹೊರಹೋಗುವ ಪೈಪ್, ಕ್ಯಾಬಿನ್ ಫಿಲ್ಟರ್ ಇವನ್ನು ನೋಡಬೇಕು. ವೆಂಟ್ ಬಿಚ್ಚಲೇಬೇಕಾದ್ದು ಅದರ ಎಸಳು ತುಂಡಾದಾಗ (ಮೊಬೈಲ್ ಹೋಲ್ಡರ್ ಸಿಕ್ಕಿಸಿಯೇ ಬಹಳಷ್ಟು ಎಸಳುಗಳು ತುಂಡಾಗುವುದು), ಒಳಗೆ ನಾಣ್ಯ ಬಿದ್ದಾಗ, ಅಥವಾ ಅದರ ಹಿಂದಿನ ಸ್ವಿಚ್, ಮ್ಯೂಸಿಕ್ ಸಿಸ್ಟಮ್ ತೆಗೆಯಬೇಕಾದಾಗ.

ಈಗ ಲಾಕಿನ ವಿಷಯ. ವೆಂಟಿನ ಮೈಯಿಂದ ಹೊರಟ ಒಂದು ತೆಳು ಪ್ಲಾಸ್ಟಿಕ್ ನಾಲಗೆ, ಅದರ ತುದಿಯಲ್ಲಿ ಕೊಕ್ಕೆ. ಒಳಗೆ ತಳ್ಳುವಾಗ ನಾಲಗೆ ಬಾಗಿ, ಕೊಕ್ಕೆ ಡ್ಯಾಶ್‌ಬೋರ್ಡಿನ ಅಂಚು ದಾಟಿ, ಮತ್ತೆ ನೆಟ್ಟಗಾಗಿ ಕೂರುತ್ತದೆ. ಒಂದು ತುದಿ ಬಿಗಿಯಾಗಿ ಇನ್ನೊಂದು ತುದಿ ಬಿಟ್ಟುಕೊಂಡಿರುವ ಇಂಥ ಪಟ್ಟಿಗೆ ಕ್ಯಾಂಟಿಲಿವರ್ ಎನ್ನುತ್ತಾರೆ. ಅಡಿಕೆ ಮರದ ಸಲಾಕೆ ನೆನಪಿಸಿಕೊಳ್ಳಿ. ಉದ್ದದ ತೆಳು ಸಲಾಕೆ ಎಷ್ಟು ಬಗ್ಗಿಸಿದರೂ ಬಾಗುತ್ತದೆ, ಗೇಣುದ್ದದ ದಪ್ಪ ತುಂಡು ಸ್ವಲ್ಪ ಬಗ್ಗಿಸುವಷ್ಟರಲ್ಲಿ ಬಿರಿಯುತ್ತದೆ.

ಲೆಕ್ಕ ಹೀಗೆ. ನಾಲಗೆಯ ಬುಡದಲ್ಲಿ ಉಂಟಾಗುವ ಸ್ಟ್ರೇನ್ ಅಂದಾಜು 3 × ದಪ್ಪ × ಬಾಗಿದ ದೂರ ÷ (2 × ಉದ್ದದ ವರ್ಗ). ಉದ್ದ 10 ಮಿ.ಮೀ., ದಪ್ಪ 1.5 ಮಿ.ಮೀ. ಇರುವ ನಾಲಗೆಯ ತುದಿಯನ್ನು 1 ಮಿ.ಮೀ. ಬಗ್ಗಿಸಿದರೆ 4.5 ÷ 200, ಅಂದರೆ ಶೇ. 2.25. ಕೊಕ್ಕೆ ಬಿಡಿಸಲು ಅಷ್ಟೇ ಸಾಕಿದ್ದರೂ ನೀವು ಸ್ಕ್ರೂಡ್ರೈವರ್ ತುರುಕಿ 3 ಮಿ.ಮೀ. ಬಗ್ಗಿಸಿದಿರಿ ಎನ್ನೋಣ: ಶೇ. 6.75. ಹೊಸ ಪ್ಲಾಸ್ಟಿಕ್ ಒಮ್ಮೆ ತಡೆದುಕೊಂಡೀತು. ಹತ್ತು ವರ್ಷ ಬಿಸಿಲು ತಿಂದದ್ದು ತಡೆಯುವುದಿಲ್ಲ. ಅದೇ ನಾಲಗೆಯ ಉದ್ದ ಅರ್ಧವಾಗಿದ್ದರೆ, ಅಷ್ಟೇ ಬಾಗಿಗೆ ಸ್ಟ್ರೇನ್ ನಾಲ್ಕು ಪಟ್ಟು. ಹಾಗಾಗಿ ಗಿಡ್ಡ ಲಾಕ್ ಕಂಡರೆ ಹೆಚ್ಚು ಹೆದರಿ. ಕೊಕ್ಕೆ ಬಿಡುವ ಮೊದಲೇ ಎಳೆದರೆ ನಾಲಗೆ ಬಾಗುವುದೇ ಇಲ್ಲ, ಬುಡದಲ್ಲಿ ಕಿತ್ತು ಬರುತ್ತದೆ. ಮುರಿದ ವೆಂಟುಗಳಲ್ಲಿ ಹೆಚ್ಚಿನವು ಹೀಗೆಯೇ ಮುರಿದಂಥವು.

ಉಷ್ಣತೆಯೂ ಮುಖ್ಯ. ತಣ್ಣಗಿನ ಪ್ಲಾಸ್ಟಿಕ್ ಬೇಗ ಬಿರಿಯುತ್ತದೆ. ಡಿಸೆಂಬರ್ ತಿಂಗಳ ಮುಂಜಾನೆ ಈ ಕೆಲಸ ಬೇಡ. ಕಾರನ್ನು ಅರ್ಧ ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ, ಇಲ್ಲವೇ ಹೇರ್ ಡ್ರೈಯರನ್ನು ದೂರದಿಂದ ಆಡಿಸಿ. ಕೈಗೆ ಬೆಚ್ಚಗೆ ತಗಲಿದರೆ ಸಾಕು. ಇಂಥ ಭಾಗಗಳಿಗೆ ಬಳಸುವ ಎ.ಬಿ.ಎಸ್. ಪ್ಲಾಸ್ಟಿಕ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ.

ಕೈ ಹಾಕುವ ಮೊದಲು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಡಿಸಿ. ಇದನ್ನು ತಮಾಷೆಗೆ ತೆಗೆದುಕೊಳ್ಳಬೇಡಿ. ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಹೊಸ ಮಾದರಿಯ ಕಾರುಗಳಿಗೆ, ಅದೇ ವರ್ಷದ ಡಿಸೆಂಬರ್ 31ರಿಂದ ಹಳೆಯ ಮಾದರಿಗಳಿಗೂ ಚಾಲಕನ ಪಕ್ಕದ ಸೀಟಿನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದು ಇರುವುದು ಎಡಗಡೆಯ ವೆಂಟಿನ ಪಕ್ಕದಲ್ಲೇ, ಡ್ಯಾಶ್‌ಬೋರ್ಡಿನೊಳಗೆ. ಕೇಬಲ್ ಬಿಡಿಸಿದ ಮೇಲೂ ಅದರ ಸರ್ಕ್ಯೂಟಿನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಎಷ್ಟು ಹೊತ್ತು ಕಾಯಬೇಕೆಂದು ಆ ಕಾರಿನ ಸರ್ವಿಸ್ ಮ್ಯಾನುವಲ್ ಹೇಳುತ್ತದೆ. ಹಳದಿ ಕನೆಕ್ಟರ್ ಕಂಡರೆ ಮುಟ್ಟದೆ, ಗೊತ್ತಿರುವ ಮೆಕ್ಯಾನಿಕನ್ನು ಕರೆಯಿರಿ.

ವೆಂಟಿನ ಸುತ್ತ ಡ್ಯಾಶ್‌ಬೋರ್ಡಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಎಸಳುಗಳ ನಡುವೆ ಟಾರ್ಚ್ ಬಿಟ್ಟು ಲಾಕ್ ಎಲ್ಲಿದೆ, ಮೇಲೋ ಕೆಳಗೋ ಪಕ್ಕಕ್ಕೋ ಎಂದು ಕಣ್ಣಾರೆ ನೋಡಿ. ಊಹೆಯ ಮೇಲೆ ಚುಚ್ಚಬೇಡಿ. ದುಂಡನೆಯ ವೆಂಟ್ ಕೆಲವು ಕಾರುಗಳಲ್ಲಿ ಎರಡು ಗೂಟಗಳ ಮೇಲೆ ತಿರುಗುತ್ತಿರುತ್ತದೆ. ಅದನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದರೆ ಗೂಟ ಕಾಣುತ್ತದೆ. ನಡುವಿನ ಜೋಡಿ ವೆಂಟ್ ಹಲವು ಕಾರುಗಳಲ್ಲಿ ಬಿಡಿಯಾಗಿ ಬರುವುದೇ ಇಲ್ಲ, ಮ್ಯೂಸಿಕ್ ಸಿಸ್ಟಮಿನ ಸುತ್ತಲಿನ ಇಡೀ ಫ್ರೇಮಿನ ಜೊತೆಗೆ ಬರುತ್ತದೆ. ಮರೆಯಲ್ಲಿ ಸ್ಕ್ರೂ ಇದ್ದೀತು, ಹಿಂದುಗಡೆ ಹಜಾರ್ಡ್ ಸ್ವಿಚ್ಚಿನ ವಯರ್ ಇದ್ದೀತು.

ಲಾಕ್ ಒತ್ತಲು ಪ್ಲಾಸ್ಟಿಕ್ ಟ್ರಿಮ್ ಟೂಲ್ ಒಳ್ಳೆಯದು. ಅದಿಲ್ಲದಿದ್ದರೆ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್. ಒಂದು ಲಾಕ್ ಬಿಟ್ಟ ಕೂಡಲೇ ಆ ಸಂದಿಗೆ ಹಳೆಯ ಎ.ಟಿ.ಎಂ. ಕಾರ್ಡ್ ತೂರಿಸಿ. ಇಲ್ಲದಿದ್ದರೆ ಎರಡನೆಯದನ್ನು ಬಿಡಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಕಚ್ಚಿಕೊಳ್ಳುತ್ತದೆ. ಎಲ್ಲ ಲಾಕ್ ಬಿಟ್ಟ ಮೇಲೆ ಚೌಕಟ್ಟು ಹಿಡಿದು ನೇರವಾಗಿ ಎಳೆಯಿರಿ, ಎಸಳು ಹಿಡಿದು ಎಂದೂ ಎಳೆಯಬೇಡಿ. ವಯರ್ ಇದ್ದರೆ ಕನೆಕ್ಟರಿನ ಗುಂಡಿ ಒತ್ತಿ ಬಿಡಿಸಿ. ಹೊರಬಂದ ಕೂಡಲೇ ಗಾಳಿಯ ಪೈಪಿನ ಬಾಯಿಗೆ ಬಟ್ಟೆ ತುರುಕಿ. ಒಳಗೆ ಬಿದ್ದ ಒಂದು ಸ್ಕ್ರೂಗಾಗಿ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕಾದೀತು.

ವೆಂಟನ್ನು ಸೋಪಿನ ನೀರಿನಲ್ಲಿ ತೊಳೆಯಿರಿ. ಪೆಟ್ರೋಲ್, ಥಿನ್ನರ್ ಬೇಡ, ಎ.ಬಿ.ಎಸ್. ಅದಕ್ಕೆ ಬಿರುಕು ಬಿಡುತ್ತದೆ.

ಅಭ್ಯಾಸಕ್ಕೆ ಗುಜರಿ ಅಂಗಡಿಯ ಹಳೆಯ ಡ್ಯಾಶ್‌ಬೋರ್ಡ್ ಸಾಕು. ಗಿರಾಕಿಯ ಕಾರು ನಿಮ್ಮ ಕೈಯಲ್ಲಿರುವ ಅಮಾನತ್. ಹಳೆಯ ಪ್ಲಾಸ್ಟಿಕ್ ಮುರಿಯಬಹುದು ಎಂದು ಯಜಮಾನರಿಗೆ ಮೊದಲೇ ಹೇಳಿ. ಮುರಿದರೆ ಆಗಲೇ ತೋರಿಸಿ. ಸೂಪರ್ ಗ್ಲೂ ಹಚ್ಚಿ ಸುಮ್ಮನೆ ಕೂರಿಸಿದರೆ ಅಂಟಿದ ಜಾಗ ಗಡುಸಾಗಿರುತ್ತದೆ, ಬಾಗುವುದಿಲ್ಲ. ಸುತ್ತಲೂ ಬಿಳಿ ಮಸುಕು ಏಳುತ್ತದೆ. ಮುಂದೆ ಬಿಚ್ಚುವವನ ಕೈಯಲ್ಲಿ ಮುರಿದು, ಅಪವಾದ ಅವನ ತಲೆಗೆ ಬರುತ್ತದೆ.

ವಾಪಸ್ ಕೂರಿಸುವಾಗ ಬಟ್ಟೆ ತೆಗೆದಿದ್ದೀರಾ ನೋಡಿ. ಹಿಂದಿನ ಸ್ಪಂಜಿನ ಪಟ್ಟಿ ಸರಿಯಾಗಿರಲಿ, ಇಲ್ಲದಿದ್ದರೆ ತಂಪು ಗಾಳಿ ಡ್ಯಾಶ್‌ಬೋರ್ಡಿನ ಒಳಗೇ ಸೋರಿಹೋಗುತ್ತದೆ. ಪ್ರತಿ ಲಾಕಿಗೂ ‘ಟಿಕ್’ ಎಂದು ಕೇಳಬೇಕು. ಬಳಿಕ ಬ್ಯಾಟರಿ ಜೋಡಿಸಿ, ಕೀ ತಿರುಗಿಸಿ, ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡಿನಲ್ಲಿ ಆರಿತೇ ಎಂದು ನೋಡಿ ಬ್ಲೋವರ್ ಹಾಕಿ.