ಜನರಲ್ ಕೆ.ಎಸ್. ತಿಮ್ಮಯ್ಯ: ಪರೀಕ್ಷಾ ಟಿಪ್ಪಣಿ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಮುಗಿಸಿ 1926ರಲ್ಲಿ ಸೇನಾಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ, ಬರ್ಮಾದ ರಣರಂಗದಲ್ಲಿ ಬ್ರಿಗೇಡ್ ಮುನ್ನಡೆಸಿದರು.

ಇವರ ವೃತ್ತಿಜೀವನದ ಶಿಖರ, ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದ ಜೋಜಿಲಾ ಕಾರ್ಯಾಚರಣೆ ಎಂದೇ ಹೇಳಬೇಕು. ಸುಮಾರು 3,500 ಮೀಟರ್ ಎತ್ತರದ ಆ ಕಣಿವೆದಾರಿಯನ್ನು ಶತ್ರುಗಳು ಹಿಡಿದಿದ್ದರಿಂದ ಲೇಹ್‌ಗೆ ನೆಲದ ಹಾದಿ ಕಡಿದಿತ್ತು. ಮೇಜರ್ ಜನರಲ್ ತಿಮ್ಮಯ್ಯ ಟ್ಯಾಂಕುಗಳನ್ನು ಗುಟ್ಟಾಗಿ ಮೇಲಕ್ಕೆ ಸಾಗಿಸಿ, 1948ರ ನವೆಂಬರ್ 1ರಂದು ದಾಳಿ ನಡೆಸಿ ಹಾದಿ ತೆರೆಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಾಳಿಗಳು ಎಣಿಸಿರಲೇ ಇಲ್ಲ.

1953ರಲ್ಲಿ ಕೊರಿಯಾ ಯುದ್ಧಕೈದಿಗಳ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು, 1954ರಲ್ಲಿ ಪದ್ಮಭೂಷಣ, 1957ರಿಂದ 1961ರವರೆಗೆ ಭೂಸೇನಾ ಮುಖ್ಯಸ್ಥರು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಜತೆಗಿನ ಭಿನ್ನಾಭಿಪ್ರಾಯದಿಂದ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಮನವೊಲಿಸಿದ ಮೇಲೆ ಹಿಂಪಡೆದರು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಕಮಾಂಡರ್ ಆಗಿದ್ದಾಗಲೇ, 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿ ನಿಧನರಾದರು. ಸೈಪ್ರಸ್ ಅವರ ಗೌರವಾರ್ಥ ಅಂಚೆಚೀಟಿ ಹೊರತಂದಿತು.

ಗೊಂದಲ ಬೇಡ: 1949ರ ಜನವರಿ 15ರಂದು ಮೊದಲ ಭಾರತೀಯ ಮಹಾದಂಡನಾಯಕರಾದವರು, 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದವರು ಕೆ.ಎಂ. ಕಾರ್ಯಪ್ಪ. ಅವರೂ ಕೊಡಗಿನವರೇ.