ಒಟಿಪಿ ಅಂದ್ರೇನು, ಟೀಚರ್?

ಸಂಜೆ ಏಳು ಗಂಟೆ. ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ಶುರುವಾಗಿತ್ತು. ಹಾಲು ಮಾರುವ ಅಕ್ಕ ಬಂದರು. ಪುಸ್ತಕ ತೆಗೆಯಲಿಲ್ಲ. ಸುಮ್ಮನೆ ಕುಳಿತರು. ಕಣ್ಣು ಕೆಂಪಾಗಿತ್ತು.

"ಏನಾಯ್ತಕ್ಕಾ?" ಎಂದು ಕೇಳಿದೆವು.

ಎರಡು ದಿನದ ಹಿಂದೆ ಅವರಿಗೆ ಒಂದು ಫೋನು ಬಂದಿತ್ತಂತೆ. "ಬ್ಯಾಂಕಿನಿಂದ ಮಾತಾಡ್ತಿದ್ದೀನಿ. ನಿಮ್ಮ ಗೃಹಲಕ್ಷ್ಮಿ ಹಣ ನಿಂತುಹೋಗಿದೆ. ಕಾರ್ಡಿನ ಮೇಲಿರೋ ಅಂಕಿ ಎಲ್ಲಾ ಓದಿ" ಎಂದನಂತೆ. ಅಕ್ಕ ಓದಿದರು. "ಈಗ ಒಟಿಪಿ ಬರುತ್ತೆ. ಅದನ್ನೂ ಓದಿ" ಎಂದನಂತೆ. ಮೊಬೈಲಿಗೆ ಆರು ಅಂಕಿ ಬಂತು. ಅಕ್ಕ ಒಂದೂ ತಪ್ಪದೆ ಓದಿ ಹೇಳಿದರು. ಖಾತೆಯಲ್ಲಿದ್ದ ನಾಲ್ಕು ಸಾವಿರ ರೂಪಾಯಿ ಹೋಯಿತು.

ಅಂಕಿ ಓದಲು ಕಲಿಸಿದವರು ನಾವೇ. ಒಟಿಪಿ ಎಂಬ ಮಾತು ಮಾತ್ರ ನಮ್ಮ ಪಾಠದಲ್ಲಿ ಇರಲಿಲ್ಲ.

"ಒಟಿಪಿ ಅಂದ್ರೇನು ಅಂತ ಕೇಳೋಣ ಅನ್ನಿಸ್ತು ಟೀಚರ್. ಇಷ್ಟೂ ಗೊತ್ತಿಲ್ವಾ ಅಂತಾರೇನೋ ಅಂತ ನಾಚಿಕೆ ಆಯ್ತು" ಎಂದರು ಅಕ್ಕ.

ನಾಚಿಕೆ ಯಾಕೆ? ಈ ಮಾತುಗಳು ಹೊಸವು. ನಮ್ಮ ದೇಶದಲ್ಲಿ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದೇ 1995ರಲ್ಲಿ. ಕಂಪ್ಯೂಟರ್ ಕಲಿಯಲು ಹೋದಾಗ "ಮೌಸ್ ಹಿಡೀರಿ" ಅಂದರು. ಮೌಸ್ ಅಂದರೆ ಇಲಿ ಅಲ್ಲವೇ ಎಂದು ನಾವೂ ಪೆಚ್ಚಾಗಿ ನಿಂತಿದ್ದೆವು!

ಅಂದಿನ ಪಾಠ ಬದಿಗಿಟ್ಟೆವು. ಹಲಗೆಯ ಮೇಲೆ ದೊಡ್ಡದಾಗಿ ಬರೆದೆವು: ಒಟಿಪಿ.

ಒಟಿಪಿ ಅಂದರೆ ಒಂದೇ ಸಲ ಬಳಸುವ ಗುಟ್ಟಿನ ಅಂಕಿ. ಕೆಲವೇ ನಿಮಿಷ ನಡೆಯುತ್ತದೆ. ಹಣ ತೆಗೆಯುವವರು ನೀವೇ ಹೌದೋ ಅಲ್ಲವೋ ಎಂದು ತಿಳಿಯಲು ಬ್ಯಾಂಕು ಅದನ್ನು ನಿಮ್ಮ ಮೊಬೈಲಿಗೆ ಕಳಿಸುತ್ತದೆ. ಅದನ್ನು ಬೇರೆಯವರಿಗೆ ಹೇಳಿದರೆ ಪೆಟ್ಟಿಗೆಯ ಬೀಗದ ಕೈ ಕೊಟ್ಟ ಹಾಗೆ. ಬ್ಯಾಂಕಿನವರು ಫೋನು ಮಾಡಿ ಒಟಿಪಿ ಕೇಳುವುದಿಲ್ಲ.

ಪಿನ್ ಬೇರೆ. ಅದು ನಾವೇ ಇಟ್ಟುಕೊಂಡ ಅಂಕಿ. ನಾವು ಬದಲಿಸುವ ತನಕ ಅದೇ ಇರುತ್ತದೆ. ಫೋನ್‌ಪೇ, ಗೂಗಲ್‌ಪೇಯಲ್ಲಿ ಹಣ ಕಳಿಸುವಾಗ ಪಿನ್ ಒತ್ತುತ್ತೇವೆ. ನಮ್ಮ ಖಾತೆಗೆ ಹಣ ಬರಲು ಪಿನ್ ಬೇಡ. "ಹಣ ಹಾಕ್ತೀನಿ, ಪಿನ್ ಒತ್ತಿ" ಅಂದರೆ ಅವನು ಹಾಕುವವನಲ್ಲ, ತೆಗೆಯುವವನು.

ಲಿಂಕ್ ಅಂದರೆ ಮೆಸೇಜಿನಲ್ಲಿ ಬರುವ ಒಂದು ಸಾಲು. ಒತ್ತಿದರೆ ಬೇರೆ ಕಡೆಗೆ ಬಾಗಿಲು ತೆರೆಯುತ್ತದೆ. ಯಾರ ಮನೆ ಎಂದು ತಿಳಿಯದೆ ಬಾಗಿಲು ತಳ್ಳಬೇಡಿ.

ಅಷ್ಟರಲ್ಲಿ ಮೂಲೆಯಲ್ಲಿದ್ದ ಅಜ್ಜಿ ಕೇಳಿದರು, "ರೇಷನ್ ಅಂಗಡೀಲಿ ಸರ್ವರ್ ಇಲ್ಲ ಅಂತಾರಲ್ಲ, ಅವನ್ಯಾರವ್ವಾ? ಯಾವಾಗ ಹೋದ್ರೂ ಇರಲ್ಲ!"

ಎಲ್ಲರೂ ನಕ್ಕರು. ಹಾಲಿನ ಅಕ್ಕನೂ ನಕ್ಕರು.

ಸರ್ವರ್ ಮನುಷ್ಯನಲ್ಲ. ದೂರದ ಊರಿನಲ್ಲಿರುವ ದೊಡ್ಡ ಕಂಪ್ಯೂಟರ್. ನಮ್ಮ ಕಾರ್ಡಿನ ಲೆಕ್ಕ ಅದರಲ್ಲಿದೆ. ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗ ಆ ಯಂತ್ರ ಸರ್ವರನ್ನು ಕೇಳುತ್ತದೆ. ಉತ್ತರ ಬಾರದಿದ್ದರೆ "ಸರ್ವರ್ ಇಲ್ಲ" ಅನ್ನುತ್ತಾರೆ. ಅಕ್ಕಿ ಇಲ್ಲ ಅಂತಲ್ಲ! ಮತ್ತೆ ಯಾವಾಗ ಬರಬೇಕು ಎಂದು ಕೇಳಿಕೊಂಡೇ ಬನ್ನಿ.

ಆ ರಾತ್ರಿಯೇ 1930ಕ್ಕೆ ಫೋನು ಮಾಡಿಸಿದೆವು. ಹೀಗೆ ಹಣ ಕಳೆದುಕೊಂಡವರು ದೂರು ಕೊಡುವ ನಂಬರು ಇದು. ಕೂಡಲೇ ಮಾಡಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಅಕ್ಕ ಹೆದರಿ ಎರಡು ದಿನ ಯಾರಿಗೂ ಹೇಳಿರಲಿಲ್ಲ. ಹಣ ಇನ್ನೂ ಸಿಕ್ಕಿಲ್ಲ.

ಕಳೆದ ವಾರ ಅವರಿಗೆ ಮತ್ತೊಂದು ಫೋನು ಬಂತಂತೆ. "ಒಟಿಪಿ ಹೇಳಿ" ಎಂದನಂತೆ. "ಒಟಿಪಿ ಅಂದ್ರೇನು, ಮೊದ್ಲು ನೀನು ಹೇಳಪ್ಪಾ" ಎಂದರಂತೆ ಅಕ್ಕ. ಫೋನು ಕಟ್ಟಾಯಿತು.

ಓದಿ, ಬರೆಯಿರಿ: ಒಟಿಪಿ, ಪಿನ್, ಲಿಂಕ್, ಸರ್ವರ್, 1930.
ನಿಮ್ಮ ಮೊಬೈಲಿಗೆ ಬಂದ ಒಂದು ಮೆಸೇಜನ್ನು ನಾಳೆ ತರಗತಿಯಲ್ಲಿ ತೋರಿಸಿ. ಅರ್ಥವಾಗದ ಮಾತು ಯಾವುದು, ಕೇಳಿ.