ಕಡಲಬ್ಬರ ನಿಂತರೂ ಅತ್ತೆಗೆ ನಿದ್ದೆ ಇಲ್ಲ



2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಅಲೆಗಳು ನಿಮ್ಮ ಅಂಗಳಕ್ಕೆ ನುಗ್ಗಿದ ಮೇಲೆ, ಗಾಳಿ ಜೋರಾದ ರಾತ್ರಿಗಳಲ್ಲಿ ಅತ್ತೆ ಬಾಗಿಲ ಬಳಿಯೇ ಕೂರುತ್ತಾರೆ. ಊರವರು ಭಜನಾ ಮಂದಿರದಲ್ಲಿ ಸೇರಿ ಆ ದಿನದ ಅನುಭವ ಹಂಚಿಕೊಳ್ಳುವಾಗ ಎದ್ದು ಹೋಗುತ್ತಾರೆ. ಒತ್ತಾಯಿಸಿ ಮಾತಾಡಿಸಬೇಕೇ ಎಂದು ಕೇಳಿದ್ದೀರಿ.

ಬೇಡ, ದಯವಿಟ್ಟು ಬೇಡ. ಹೇಳಿಕೊಂಡರೆ ಮನಸ್ಸು ಹಗುರವಾಗುವುದು ಹೇಳಬೇಕೆಂದು ಅವರಿಗೇ ಅನಿಸಿದಾಗ. ನಡೆದದ್ದನ್ನೆಲ್ಲ ಕೆದಕಿ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲೇ ಬೇಡವೆಂದಿದೆ. ಸುಮ್ಮನೆ ಪಕ್ಕದಲ್ಲಿ ಕೂರುವುದೂ ನೆರವೇ.

ಅವರು ಬಾಗಿಲಲ್ಲಿ ಕೂರುವುದನ್ನು ಹಟವೆಂದು ತಿಳಿಯಬೇಡಿ. ಅವರು ಮನೆ ಕಾಯುತ್ತಿದ್ದಾರೆ. ಆ ಕಾವಲನ್ನು ಹಂಚಿಕೊಳ್ಳಿ. "ಈಗ ನೀವು ಮಲಗಿ ಅತ್ತೆ, ನಾನು ಎಚ್ಚರ ಇರ್ತೇನೆ" ಎನ್ನಿ, ನಿಜಕ್ಕೂ ಎಚ್ಚರವಿರಿ. ಆಧಾರ್, ಪಡಿತರ ಚೀಟಿ, ಅವರ ಮಾತ್ರೆಗಳು, ಟಾರ್ಚ್ ಒಂದೇ ಚೀಲದಲ್ಲಿರಲಿ. ಚೀಲ ಎಲ್ಲಿದೆ, ಕಡಲು ಉಕ್ಕಿದರೆ ಯಾರ ಮನೆಗೆ ಹೋಗುವುದು ಎಂಬುದು ಅವರಿಗೆ ಗೊತ್ತಿರಲಿ. ಟಿವಿಯಲ್ಲಿ ಅಲೆಗಳ ದೃಶ್ಯ ಮತ್ತೆ ಮತ್ತೆ ಬರುವಾಗ ಆರಿಸಿಬಿಡಿ.

ಊರವರ ಕೂಟ ಒಳ್ಳೆಯದು, ನಿಲ್ಲಿಸಬೇಡಿ. ಆದರೆ ಮಾತು ಯಾರಿಗೆ ಪರಿಹಾರ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದಕ್ಕೆ ಹೊರಳಿದರೆ ನೊಂದವರು ಇನ್ನಷ್ಟು ಮುದುಡುತ್ತಾರೆ. ಅತ್ತೆ ಚಹಾ ಮಾಡಲಷ್ಟೇ ಬಂದರೂ ಸಾಕು.

ಇಷ್ಟು ವರ್ಷ ಉಳಿದ ಭಯಕ್ಕೆ ಚಿಕಿತ್ಸೆಯಿದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮೊದಲು ನೀವೇ ಮಾತಾಡಿ ನೋಡಿ. ಮುಂದಿನ ಮಳೆಗಾಲದವರೆಗೆ ಕಾಯಬೇಡಿ.